ಸಿಮ್ಯುಲೇಶನ್‌ನಲ್ಲಿ ಜನ ಮನುಷ್ಯರ ಥರ ಯಾಕೆ ನಡೆದುಕೊಳ್ಳುತ್ತಿಲ್ಲ?

ಹುಬ್ಬಳ್ಳಿ_ಹುಡುಗಿ:
ನಮಸ್ಕಾರ ಎಲ್ಲರಿಗೂ. ಕೊನೇ ಸೆಮ್ ಪ್ರಾಜೆಕ್ಟ್‌ಗೆ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ತೆಗೆದುಕೊಂಡು, ಅಲ್ಲಿ 300 ಪ್ರಯಾಣಿಕರು ಹೇಗೆ ಓಡಾಡುತ್ತಾರೆ ಅಂತ ಕಂಪ್ಯೂಟರ್‌ನಲ್ಲಿ ಸಿಮ್ಯುಲೇಶನ್ ಮಾಡುತ್ತಿದ್ದೇನೆ. ಡಿಕ್ಕಿಯಾಗದೆ ನಡೆಯೋದಕ್ಕೆ ಹೆಲ್ಬಿಂಗ್, ಮೊಲ್ನಾರ್ ಅವರ 1995ರ ಸೋಶಿಯಲ್ ಫೋರ್ಸ್ ಮಾದರಿ (ಹತ್ತಿರ ಬಂದವರನ್ನು ಒಂದು ಬಲ ದೂರ ತಳ್ಳುತ್ತದೆ ಅಂತ ಲೆಕ್ಕ ಹಾಕೋದು) ಹಾಕಿದೆ, ಅದು ಸರಿ ಇದೆ. ಆದರೆ ಎಲ್ಲರೂ ತಮ್ಮ ಬೋಗಿ ಬರೋ ಜಾಗಕ್ಕೆ ನೆಟ್ಟಗೆ ಹೋಗಿ ನಿಂತುಬಿಡುತ್ತಾರೆ. ನಿಜವಾದ ಜನ ಹಾಗಲ್ಲ ಅಲ್ವಾ? ನಿನ್ನೆ ಹೋಗಿ ನೋಡಿದೆ. ಎಷ್ಟೋ ಜನ ಮೆಟ್ಟಿಲು ಇಳಿದಲ್ಲೇ ನಿಂತಿದ್ದರು, ಒಬ್ಬ ಅಜ್ಜ ಚೀಲ ಹೊತ್ತು ಮುಂದೆ ಹೋಗಿ, ಯಾರನ್ನೋ ಕೇಳಿ, ಮತ್ತೆ ಅಷ್ಟು ದೂರ ವಾಪಸ್ ಬಂದರು. ರ‍್ಯಾಂಡಮ್ ಸೇರಿಸಿದರೆ ಕುಡಿದವರ ಥರ ಓಲಾಡುತ್ತಾರೆ. ಏನು ಮಾಡಲಿ?

ಗದಗ_ಕೋಡರ್:
ನಿಮ್ಮ ಏಜೆಂಟ್‌ಗಳಿಗೆ (ಸಿಮ್ಯುಲೇಶನ್ ಒಳಗಿನ ಜನರಿಗೆ) ಎಲ್ಲಾ ಗೊತ್ತು, ತೊಂದರೆ ಅದೇ ನೋಡ್ರಿ. ರ‍್ಯಾಂಡಮ್ ಕಾಲಿಗೆ ಹಾಕಬೇಡಿ, ನೆನಪಿಗೆ ಹಾಕಿ. ಕಾರ್ನೆಗಿ ಮೆಲನ್‌ನ ಮನಃಶಾಸ್ತ್ರಜ್ಞ ಜಾನ್ ಆಂಡರ್ಸನ್ ಕಟ್ಟಿದ ಆಕ್ಟ್-ಆರ್ ಓದಿ, ಮನುಷ್ಯರ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅನ್ನೋದರ ಕಂಪ್ಯೂಟರ್ ಮಾದರಿ ಅದು. ಅದರಲ್ಲಿ ಒಂದು ಸಲಕ್ಕೆ ಒಂದೇ ನಿಯಮ ('ಹೀಗಿದ್ದರೆ ಹೀಗೆ ಮಾಡು' ಅನ್ನೋದು) ನಡೆಯುತ್ತದೆ, ಸುಮಾರು 50 ಮಿಲಿಸೆಕೆಂಡ್ ಹಿಡಿಯುತ್ತದೆ. ನೆನಪು ಹಳತಾದಷ್ಟೂ ಸೊರಗುತ್ತದೆ. ಸಾಮಾನ್ಯವಾಗಿ ಇಡೋ 0.5 ದರದಲ್ಲಿ (ಅಂದರೆ ಕಳೆದ ಕಾಲದ ವರ್ಗಮೂಲದಿಂದ ಭಾಗಿಸಿದರೆ), ನಿನ್ನೆ ನೋಡಿದ್ದಕ್ಕೆ 1 ತೂಕ ಅಂದರೆ 4 ದಿನದ ಹಿಂದಿನದಕ್ಕೆ ಅರ್ಧ, 100 ದಿನದ ಹಿಂದಿನದಕ್ಕೆ ಹತ್ತರಲ್ಲೊಂದು. ಪ್ರತಿ ಸಲ ನೋಡಿದ್ದನ್ನೂ ಕೂಡಿಸಿ ಲಾಗ್ ತೆಗೆಯಿರಿ, ಆ ರ‍್ಯಾಂಡಮ್ ಇದಕ್ಕೆ ಸೇರಿಸಿ, ಮಿತಿಗಿಂತ ಕೆಳಗಿದ್ದರೆ ನೆನಪೇ ಬರಲ್ಲ. ದಿನಾ ಓಡಾಡುವವರು ನೇರ ಹೋಗುತ್ತಾರೆ, ವರ್ಷಕ್ಕೊಮ್ಮೆ ಬರೋ ಅಜ್ಜನಿಗೆ ಏನೂ ಸಿಗಲ್ಲ, ಆಗ 'ಯಾರನ್ನಾದರೂ ಕೇಳು' ಅನ್ನೋ ನಿಯಮ ಚಾಲೂ ಆಗುತ್ತದೆ.

ಧಾರವಾಡ_ಪೇಡಾ:
ಒಪ್ಪಿದೆ. ಆದರೆ 300 ಜನಕ್ಕೂ ಪೂರ್ತಿ ಆಕ್ಟ್-ಆರ್ ಬೇಡ, ಲ್ಯಾಪ್‌ಟಾಪ್ ತಡೆಯಲ್ಲ. ಈ ನೆನಪಿನ ಸೂತ್ರ ಒಂದನ್ನೇ ಪೈಥಾನ್‌ನಲ್ಲಿ ಬರೆದುಕೊಳ್ಳಿ, ನಾಲ್ಕು ಸಾಲು ಸಾಕು. ಇನ್ನೊಂದು, ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1956ರಲ್ಲೇ ಬರೆದಿದ್ದರು, ಜನ ಎಲ್ಲಕ್ಕಿಂತ ಒಳ್ಳೇದನ್ನು ಹುಡುಕುತ್ತಾ ಹೋಗಲ್ಲ, ಸಾಕು ಅನ್ನಿಸಿದ್ದು ಸಿಕ್ಕರೆ ಅಲ್ಲಿಗೇ ಬಿಡುತ್ತಾರೆ ಅಂತ. ಮೆಟ್ಟಿಲ ಹತ್ತಿರ ನಿಂತವರು ಇವರೇ. ನೆರಳಿದೆ, ಕೂರೋಕೆ ಜಾಗ ಇದೆ, ಸಾಕು. ಕೈಯಲ್ಲಿ ಹೊರೆ ಜಾಸ್ತಿ ಇದ್ದವರಿಗೆ ಆ 'ಸಾಕು' ಬೇಗ ಬರಲಿ.

ಹುಬ್ಬಳ್ಳಿ_ಹುಡುಗಿ:
ಎರಡೂ ಹಾಕಿದೆ, ಈಗ ಮೆಟ್ಟಿಲ ಹತ್ತಿರ ಗುಂಪು ಕಟ್ಟುತ್ತಿದೆ, ನೋಡಿ ತುಂಬಾ ಖುಷಿಯಾಯ್ತು! ಆದರೆ ಗೊತ್ತಿಲ್ಲದವರು ಗೊತ್ತಿಲ್ಲದವರನ್ನೇ ಕೇಳಿ ಇಬ್ಬರೂ ನಿಂತುಬಿಡುತ್ತಾರೆ.

ಗದಗ_ಕೋಡರ್:
ಯಾರನ್ನು ಕೇಳೋದು ಅನ್ನೋದಕ್ಕೆ ಬೇರೆ ಬೇರೆ ನಿಯಮ ಇಡಿ. ಸರಿ ಉತ್ತರ ಸಿಕ್ಕಾಗಲೆಲ್ಲ ಆ ನಿಯಮದ ಬೆಲೆ ಸ್ವಲ್ಪ ಏರಿಸಿ, ಸಿಗದಿದ್ದರೆ ಇಳಿಸಿ. ಆಕ್ಟ್-ಆರ್‌ನಲ್ಲೂ ಕಲಿಯೋದು ಹೀಗೇ. ಚಹಾ ಮಾರುವವರನ್ನು ಕೇಳಬೇಕು ಅಂತ ನೀವು ಬರೆದುಕೊಡಬೇಡಿ, ಅದೇ ಕಲಿಯಲಿ.