ಪಾಯಿಂಟ್ 22 ಸೆಮಿ-ಆಟೋ ರೈಫಲ್: ಹೊಸ ರೂಗರ್ 10/22 ಕೊಳ್ಳಲೋ, ಹಳೆಯ ಮಾರ್ಲಿನ್ 60 ಕೊಳ್ಳಲೋ?

ಪ್ರಶ್ನೆ: ಗುರಿಹಲಗೆ

ಟೆಕ್ಸಾಸ್‌ನಲ್ಲಿದ್ದೇನೆ, ಎಚ್-1ಬಿ ವೀಸಾ. ಇದು ಮೊದಲ ರೈಫಲ್. ಬೇಟೆಯ ಉದ್ದೇಶವಿಲ್ಲ. ರೇಂಜಿನಲ್ಲಿ 25 ಮತ್ತು 50 ಗಜಕ್ಕೆ ಕಾಗದದ ಗುರಿ, ಅಷ್ಟೇ. ತೋಟಾ ಅಗ್ಗವಾಗಿರಲಿ ಎಂದು .22 ಲಾಂಗ್ ರೈಫಲ್ ಎಂಬ ತೋಟಾದ ಸೆಮಿ-ಆಟೋ (ಟ್ರಿಗರ್ ಎಳೆದಾಗಲೆಲ್ಲ ಒಂದು ಈಡು, ಮುಂದಿನ ತೋಟಾ ತಾನೇ ಏರುವಂಥದ್ದು) ಎಂದು ತೀರ್ಮಾನಿಸಿದ್ದೇನೆ. ಅಂಗಡಿಯಲ್ಲಿ ಹೊಸ ರೂಗರ್ 10/22 ಕಾರ್ಬೈನ್ ಇದೆ, 18.5 ಇಂಚಿನ ಬ್ಯಾರೆಲ್. ಅದರ ಸುಮಾರು ಅರ್ಧ ಬೆಲೆಗೆ ಸೆಕೆಂಡ್ ಹ್ಯಾಂಡ್ ಮಾರ್ಲಿನ್ ಮಾಡೆಲ್ 60 ಕೂಡ ಇದೆ, ಬ್ಯಾರೆಲ್ ಕೆಳಗಿನ ಕೊಳವೆಯಲ್ಲಿ 14 ತೋಟಾ ಹಿಡಿಸುವಂಥದ್ದು. ಗುರಿ ಕೂರುವುದರಲ್ಲಿ ಮಾರ್ಲಿನ್ನೇ ಮೇಲು ಎನ್ನುವವರಿದ್ದಾರೆ. ಯಾವುದು ತೆಗೆದುಕೊಳ್ಳಲಿ? ಹಳೆಯದನ್ನು ಕೈಗೆತ್ತಿಕೊಂಡಾಗ ಏನೇನು ನೋಡಬೇಕು?

ಉತ್ತರ: ಕಾಗದಪತ್ರ

ರೈಫಲ್ ಯಾವುದು ಅನ್ನುವುದಕ್ಕಿಂತ ಮೊದಲು ವೀಸಾ ವಿಷಯ ನೋಡಿ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿಯಂಥ ನಾನ್-ಇಮಿಗ್ರೆಂಟ್ (ಕಾಯಂ ವಾಸಕ್ಕಲ್ಲದ) ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಇದಕ್ಕೆ ಕೆಲವು ವಿನಾಯಿತಿಗಳಿವೆ. ನಮ್ಮವರಿಗೆ ಅನ್ವಯವಾಗುವುದು ಬಹುತೇಕ ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ನೀವು ಬೇಟೆಗೆ ಹೋಗದಿದ್ದರೂ ಅದು ಬೇಕು.

ಎಷ್ಟೋ ಜನ ಎಡವುವುದು ಇಲ್ಲೇ. ಲೈಸೆನ್ಸ್, ರೈಫಲ್ ಕೊಳ್ಳುವ ದಿನಕ್ಕೆ ಮಾತ್ರ ಅಲ್ಲ, ಅದು ನಿಮ್ಮ ಬಳಿ ಇರುವಷ್ಟು ದಿನವೂ ಚಾಲ್ತಿಯಲ್ಲಿರಬೇಕು. ಟೆಕ್ಸಾಸ್‌ನ ವಾರ್ಷಿಕ ಬೇಟೆ ಲೈಸೆನ್ಸ್ ಯಾವ ತಿಂಗಳಲ್ಲಿ ಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಹಾಗಾಗಿ ಅದಕ್ಕೂ ಮೊದಲೇ ಹೊಸದು ಮಾಡಿಸಿ. ಅಂಗಡಿಯಲ್ಲಿ ಫಾರ್ಮ್ 4473 (ಬಂದೂಕು ಕೊಳ್ಳುವವರ ಫೆಡರಲ್ ಅರ್ಜಿ) ತುಂಬುವಾಗ ಲೈಸೆನ್ಸ್ ತೋರಿಸಬೇಕು, ಐ-94 (ಅಮೆರಿಕ ಪ್ರವೇಶದ ದಾಖಲೆ) ಸಂಖ್ಯೆಯನ್ನೂ ಕೇಳುತ್ತಾರೆ. ಗುರುತಿನ ಚೀಟಿಯಲ್ಲಿ ಈಗಿನ ವಿಳಾಸವೇ ಇರಬೇಕು, ಮನೆ ಬದಲಾಯಿಸಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಗ್ರೀನ್ ಕಾರ್ಡ್ ಇರುವ ಸ್ನೇಹಿತರ ಹೆಸರಿನಲ್ಲಿ ಕೊಂಡು ನೀವು ದುಡ್ಡು ಕೊಡುವ ಯೋಚನೆಯನ್ನು ಯಾರಾದರೂ ಹೇಳಿದರೆ ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಅದು ಇಬ್ಬರ ಮೇಲೂ ಬರುವ ಕ್ರಿಮಿನಲ್ ಅಪರಾಧ, ವೀಸಾ ಕೂಡ ಹೋಗಬಹುದು.

ಉತ್ತರ: ಬೋಲ್ಟು ನಟ್ಟು

ಕಾಗದಪತ್ರ ಸರಿಯಾದ ಮೇಲೆ, ನನ್ನ ಓಟು ರೂಗರ್‌ಗೆ. ಮಾರ್ಲಿನ್ ಕೆಟ್ಟದ್ದೆಂದಲ್ಲ. ಅದರ ಬ್ಯಾರೆಲ್ ಒಳಗೆ 16 ಸಣ್ಣ ಗೀರುಗಳ ಮೈಕ್ರೋ-ಗ್ರೂವ್ ರೈಫ್ಲಿಂಗ್ (ಗುಂಡು ತಿರುಗುತ್ತ ಹೋಗುವಂತೆ ಕೊರೆದ ಸುರುಳಿ) ಇದೆ. ಕಾರ್ಖಾನೆಯಿಂದ ಬಂದ ಹಾಗೇ ಎರಡನ್ನೂ ಪಕ್ಕದಲ್ಲಿಟ್ಟು ಹೊಡೆದರೆ 50 ಗಜದಲ್ಲಿ ಎಷ್ಟೋ ಸಲ ಮಾರ್ಲಿನ್ನಿನ ಗುಂಪೇ (ಕಾಗದದ ಮೇಲೆ ತೂತುಗಳು ಹರಡಿದ ಅಗಲ) ಚಿಕ್ಕದಾಗಿರುತ್ತದೆ. ನೀವು ಕೇಳಿದ್ದು ಸುಳ್ಳಲ್ಲ.

ತೊಂದರೆ ಬಿಡಿಭಾಗದ್ದು. ಮಾಡೆಲ್ 60 ಶುರುವಾದದ್ದು 1960ರಲ್ಲಿ. ಮಾರ್ಲಿನ್ನಿನ ಆಗಿನ ಒಡೆಯ ರೆಮಿಂಗ್ಟನ್ ಕಂಪನಿ ದಿವಾಳಿಯಾದಾಗ, 2020ರಲ್ಲಿ, ಮಾರ್ಲಿನ್ ಹೆಸರನ್ನು ಕೊಂಡದ್ದು ರೂಗರ್ ಕಂಪನಿಯೇ. ಆಮೇಲೆ ಅವರು ಮಾರ್ಲಿನ್ನಿನ ಲಿವರ್-ಆ್ಯಕ್ಷನ್ ರೈಫಲ್‌ಗಳನ್ನು ಮತ್ತೆ ತಯಾರಿಸತೊಡಗಿದರು, 60ನ್ನು ಕೈಗೆತ್ತಿಕೊಂಡಿಲ್ಲ. 10/22 ಹಾಗಲ್ಲ. 1964ರಿಂದ ಬಿಡುವಿಲ್ಲದೆ ಬರುತ್ತಿದೆ, ಬ್ಯಾರೆಲ್‌ನಿಂದ ಸ್ಪ್ರಿಂಗ್‌ವರೆಗೆ ಎಲ್ಲವೂ ಹತ್ತು ಕಡೆ ಸಿಗುತ್ತದೆ. ಬ್ಯಾರೆಲ್ ಕೂತಿರುವುದು ಎರಡು ಸ್ಕ್ರೂ ಮತ್ತು ಒಂದು ವಿ-ಬ್ಲಾಕ್ (ಬ್ಯಾರೆಲನ್ನು ಬಿಗಿಹಿಡಿಯುವ ಲೋಹದ ತುಂಡು) ಮೇಲೆ, ಮನೆಯಲ್ಲೇ ಬದಲಾಯಿಸಬಹುದು. ಗುರಿ ತಪ್ಪಿಸುವುದು ಮುಖ್ಯವಾಗಿ ಅದರ ಭಾರವಾದ ಟ್ರಿಗರ್, ಸುಮಾರು 6 ಪೌಂಡ್. ಎರಡು ಪಿನ್ ತಳ್ಳಿ ಕಂಪನಿಯದೇ ಬಿಎಕ್ಸ್ ಟ್ರಿಗರ್ ಹಾಕಿದರೆ 3 ಪೌಂಡಿನ ಆಸುಪಾಸಿಗೆ ಇಳಿಯುತ್ತದೆ. ಮೊದಲು ಒಂದೆರಡು ಸಾವಿರ ತೋಟಾ ಹೊಡೆಯಿರಿ, ಆಮೇಲೆ ಬೇಕೋ ಬೇಡವೋ ನೋಡೋಣ.

10/22ರ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಕೊನೆಯ ಈಡಾದ ಮೇಲೆ ಬೋಲ್ಟ್ (ತೋಟಾವನ್ನು ಒಳಕ್ಕೆ ತಳ್ಳಿ ಮುಚ್ಚುವ ಭಾಗ) ತೆರೆದು ನಿಲ್ಲುವುದಿಲ್ಲ. ಖಾಲಿ ಎಂದು ಊಹಿಸದೆ ಪ್ರತಿ ಸಲ ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು, ಚೇಂಬರನ್ನು (ತೋಟಾ ಕೂರುವ ಜಾಗ) ಕಣ್ಣಿಂದ ನೋಡಬೇಕು. ರಿಸೀವರ್ (ಬೋಲ್ಟ್ ಓಡಾಡುವ ಕವಚ) ಹಿಂಬದಿ ಮುಚ್ಚಿರುವುದರಿಂದ ಕ್ಲೀನಿಂಗ್ ರಾಡನ್ನು ಬ್ಯಾರೆಲ್ ಬಾಯಿಯ ಕಡೆಯಿಂದಲೇ ತೂರಿಸಬೇಕಾಗುತ್ತದೆ. ಅದು ಬಾಯಿಯ ಅಂಚಿಗೆ ಉಜ್ಜಿ ಸವೆದರೆ ಗುರಿ ಹೋಯಿತು. ಚೇಂಬರ್ ಕಡೆಯಿಂದ ಇಳಿಬಿಟ್ಟು ಎಳೆಯುವ ಹಗ್ಗದಂಥ ಕ್ಲೀನರ್ ತೆಗೆದುಕೊಳ್ಳಿ. ಇನ್ನೊಂದು: ಮರದ ಹಿಡಿಯಿಂದ ಬಿಚ್ಚುವಾಗ ಸೇಫ್ಟಿ ಗುಂಡಿ ಸರಿಯಾಗಿ ನಡುವೆ ಇರಬೇಕು, ಇಲ್ಲದಿದ್ದರೆ ಹಿಡಿಗೆ ಸಿಕ್ಕಿಕೊಳ್ಳುತ್ತದೆ. ಜೋರು ಮಾಡಿ ಎತ್ತಿದವರು ಹಿಡಿಯನ್ನೇ ಸೀಳಿಕೊಳ್ಳುತ್ತಾರೆ.

ಉತ್ತರ: ಹಳೇ ಕಬ್ಬಿಣ

ಮಾರ್ಲಿನ್ನನ್ನು ಅಷ್ಟು ಬೇಗ ಬಿಡಬೇಡಿ. ಅರ್ಧ ಬೆಲೆ ಅಂದರೆ ಉಳಿದ ದುಡ್ಡಿಗೆ ಸ್ಕೋಪು ಮತ್ತು ಸಾಕಷ್ಟು ತೋಟಾ ಬರುತ್ತದೆ. 14 ತೋಟಾದ್ದು ಎಂದಿರಿ, ಅಂದರೆ 80ರ ದಶಕದ ಕೊನೆಯಿಂದೀಚೆಯದು. ಅದರಲ್ಲಿ ಕೊನೆಯ ಈಡಿಗೆ ಬೋಲ್ಟ್ ತೆರೆದು ನಿಲ್ಲುವ ವ್ಯವಸ್ಥೆ ಇದೆ.

ಅಂಗಡಿಯವರ ಅನುಮತಿ ಪಡೆದು ಬೋಲ್ಟ್ ಹಿಂದಕ್ಕೆ ಎಳೆದು, ಟಾರ್ಚ್ ಹಾಕಿ ಫೀಡ್ ಥ್ರೋಟ್ ನೋಡಿ. ತೋಟಾ ಕೊಳವೆಯಿಂದ ಮೇಲೆದ್ದು ಚೇಂಬರಿಗೆ ಹೋಗುವ ದಾರಿ ಅದು. ಸವೆದು ಅಗಲವಾಗಿದ್ದರೆ ಅಥವಾ ಅಂಚಿನಲ್ಲಿ ಗುಂಡು ಕೊರೆದ ಗುರುತುಗಳಿದ್ದರೆ ತೋಟಾ ಮೂತಿ ಮೇಲೆತ್ತಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಅಂಥದ್ದನ್ನು ಅಲ್ಲೇ ಬಿಡಿ. ಒಳಗಿನ ಹಿತ್ತಾಳೆ ಕೊಳವೆಯನ್ನು ಪೂರ್ತಿ ಹೊರಗೆಳೆದು ನೋಡಿ, ಎಲ್ಲಾದರೂ ನಗ್ಗಿದ್ದರೆ ತೋಟಾ ಇಳಿಯುವುದಿಲ್ಲ. ಬಾಯಿಯ ಅಂಚು ಸುತ್ತಲೂ ಒಂದೇ ಸಮ ಇರಬೇಕು. ಬೋಲ್ಟಿನ ಪೆಟ್ಟು ತಡೆಯುವ ಹಿಂಬದಿಯ ಪ್ಲಾಸ್ಟಿಕ್ ಬಫರ್ ವಯಸ್ಸಾದಂತೆ ಹಳದಿಯಾಗಿ ಬಿರಿಯುತ್ತದೆ. ಅದು ಸಣ್ಣ ಖರ್ಚಿನ ಭಾಗ, ಅದಕ್ಕಾಗಿ ಬೇಡವೆನ್ನಬೇಡಿ. ಬಿಚ್ಚುವುದಾದರೆ ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಬಿಚ್ಚಿ, ಫೀಡ್ ಭಾಗದ ಪುಟ್ಟ ಇ-ಕ್ಲಿಪ್‌ಗಳು ಹಾರಿ ಕಾಣೆಯಾಗುತ್ತವೆ. ಮತ್ತೆ ಜೋಡಿಸುವಾಗ ರಿಕಾಯಿಲ್ ಸ್ಪ್ರಿಂಗ್ ಬಾಗದಂತೆ ನಿಧಾನವಾಗಿ ಕೂರಿಸಿ. ಒಮ್ಮೆ ಮಡಿಚಿದ ಸ್ಪ್ರಿಂಗ್ ಮತ್ತೆ ಸರಿಯಾಗುವುದಿಲ್ಲ.

ಚೇಂಬರ್ ಖಾಲಿ ಇಟ್ಟು ಟ್ರಿಗರ್ ಎಳೆಯುವ ಅಭ್ಯಾಸ ಇದರಲ್ಲಿ ಬೇಡ, ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿಯಬಹುದು. ಅಭ್ಯಾಸ ಬೇಕೆಂದರೆ ಹಾರ್ಡ್‌ವೇರ್ ಅಂಗಡಿಯ ನಾಲ್ಕನೇ ನಂಬರಿನ ಹಳದಿ ಪ್ಲಾಸ್ಟಿಕ್ ಆ್ಯಂಕರ್ (ಗೋಡೆಗೆ ಸ್ಕ್ರೂ ಕೂರಿಸುವುದು) ತೋಟಾದ ಬದಲು ಚೇಂಬರಿನಲ್ಲಿ ಚೆನ್ನಾಗಿ ಕೂರುತ್ತದೆ.

ಉತ್ತರ: ಬೋಲ್ಟು ನಟ್ಟು

ಫೀಡ್ ಥ್ರೋಟ್ ಹೊಸದರಂತಿದ್ದರೆ ನನ್ನ ತಕರಾರು ಅರ್ಧ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಆದರೂ ಮೊದಲ ರೈಫಲ್ ಬಿಚ್ಚಿ ಜೋಡಿಸಿ ಕಲಿಯುವಂತಿರಬೇಕು.

ಯಾವುದನ್ನೇ ಕೊಂಡರೂ ತೋಟಾ ವಿಷಯದಲ್ಲಿ ಜಿಪುಣತನ ಆರಂಭದಲ್ಲೇ ಬೇಡ. ಎರಡರಲ್ಲೂ ಬೋಲ್ಟ್ ಹಿಂದೆ ಸರಿಯುವುದು ತೋಟಾದ ಒದೆತದಿಂದಲೇ, ಆದ್ದರಿಂದ ಸಪ್ಪಳ ಕಡಿಮೆ ಮಾಡುವ ನಿಧಾನಗತಿಯ ತೋಟಾ ಹಾಕಿದರೆ ಖಾಲಿ ಕೇಸು ಪೂರ್ತಿ ಹೊರಬೀಳದೆ ಹೊರಬರುವ ಕಿಂಡಿಯಲ್ಲೇ ನೆಟ್ಟಗೆ ನಿಲ್ಲಬಹುದು. 40 ಗ್ರೇನ್ ತೂಕದ ಗುಂಡು, ಸೆಕೆಂಡಿಗೆ 1,235 ಅಡಿ ವೇಗದ ಸಿಸಿಐ ಮಿನಿ-ಮ್ಯಾಗ್‌ನಿಂದ ಶುರುಮಾಡಿ. ಅದು ಸಲೀಸಾಗಿ ಓಡಿದ ಮೇಲೆ ಅಗ್ಗದ ನಾಲ್ಕೈದು ಬಗೆ ತಂದು ಪ್ರತಿಯೊಂದರಲ್ಲೂ ಹತ್ತತ್ತು ಈಡು 50 ಗಜಕ್ಕೆ ಹೊಡೆದು ಗುಂಪು ಅಳೆಯಿರಿ. ಒಂದೇ ಮಾಡೆಲ್ಲಿನ ಎರಡು ರೈಫಲ್‌ಗಳಿಗೆ ಬೇರೆ ಬೇರೆ ತೋಟಾ ಒಗ್ಗುತ್ತದೆ. ಸ್ಕೋಪ್ ಕೊಳ್ಳುವಾಗ ಪ್ಯಾರಲಾಕ್ಸ್ (ಕಣ್ಣು ಅಲುಗಿದರೆ ಗುರಿ ಸರಿದಂತೆ ಕಾಣುವ ದೋಷ) 50 ಗಜಕ್ಕೆ ಹೊಂದಿಸಿರುವ ರಿಮ್‌ಫೈರ್ (.22ರಂಥ ತೋಟಾದ ರೈಫಲ್ಲಿನ) ಸ್ಕೋಪನ್ನೇ ಕೇಳಿ. ರೂಗರ್ ಜತೆ ಸ್ಕೋಪ್ ಕೂರಿಸುವ ಕಂಬಿ ಬರುತ್ತದೆ, ಮಾರ್ಲಿನ್ನಿಗೆ ಸ್ಕೋಪ್ ಹಿಡಿಯುವ 3/8 ಇಂಚಿನ ಡವ್‌ಟೇಲ್ ರಿಂಗ್ ಬೇಕು.

ಪ್ರಶ್ನೆ: ಗುರಿಹಲಗೆ

ಎಲ್ಲರಿಗೂ ಧನ್ಯವಾದ. ಬೇಟೆ ಲೈಸೆನ್ಸ್ ಮೊದಲು. ಒಂದು ಸಂದೇಹ: ಮಾರ್ಲಿನ್ನಿನ ಕೊಳವೆಯಲ್ಲಿ ತೋಟಾ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ಹಳೇ ಕಬ್ಬಿಣ

ಬಾಯಿ ಗುರಿಯ ದಿಕ್ಕಿಗೇ ಇರಲಿ, ಸೇಫ್ಟಿ ಹಾಕಿರಿ. ಕೊಳವೆಯ ತುದಿ ತಿರುಗಿಸಿ ಒಳಗಿನ ಹಿತ್ತಾಳೆ ಕೊಳವೆಯನ್ನು ಪೂರ್ತಿ ಎಳೆದು ತೆಗೆಯಿರಿ, ಅರ್ಧ ಎಳೆದು ಬಿಡಬೇಡಿ. ಕೈ ಬಾಯಿಯ ಮುಂದೆ ಬರಬಾರದು, ಪಕ್ಕದಿಂದ ಹಿಡಿಯಿರಿ. ಬಾಯಿಯನ್ನು ನೆಲದ ಕಡೆಗೆ ಬಾಗಿಸಿದರೆ ಉಳಿದ ತೋಟಾಗಳು ಜಾರಿ ಬೀಳುತ್ತವೆ. ಅಷ್ಟಕ್ಕೆ ನಿಲ್ಲಿಸಬೇಡಿ. ಚೇಂಬರಿನಲ್ಲಿ ಒಂದು, ಅದರ ಕೆಳಗಿನ ಲಿಫ್ಟರ್ (ತೋಟಾವನ್ನು ಮೇಲೆತ್ತುವ ಭಾಗ) ಮೇಲೆ ಇನ್ನೊಂದು ಇರಬಹುದು. ಬೋಲ್ಟನ್ನು ನಾಲ್ಕೈದು ಸಲ ಪೂರ್ತಿ ಎಳೆದು ಬಿಡಿ, ಆಮೇಲೆ ತೆರೆದು ಹಿಡಿದು ಚೇಂಬರ್, ಲಿಫ್ಟರ್ ಎರಡನ್ನೂ ನೋಡಿ. ಟ್ರಿಗರ್ ಎಳೆದಾಗ ಈಡು ಹಾರದಿದ್ದರೆ ಮಾತ್ರ ತಕ್ಷಣ ಬೋಲ್ಟ್ ತೆರೆಯಬೇಡಿ. ಬಾಯಿ ಗುರಿಯತ್ತಲೇ ಹಿಡಿದು 30 ಸೆಕೆಂಡ್ ಕಾಯಿರಿ, ತೋಟಾ ತಡವಾಗಿ ಹಾರುವುದುಂಟು.