ಹಳೇ ಸೆಂಟಾರ್ ಹಾಯಿದೋಣಿ ಕೊಳ್ಳಬಹುದಾ?

ಪ್ರಶ್ನೆ: ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹತ್ತಿರ 1974ರ ವೆಸ್ಟರ್ಲಿ ಸೆಂಟಾರ್ ಮಾರಾಟಕ್ಕಿದೆ, 26 ಅಡಿ. ನಾವಿಬ್ಬರು, ಎರಡು ಮಕ್ಕಳು. ಸೊಲೆಂಟ್‌ನಲ್ಲಿ (ವೈಟ್ ದ್ವೀಪಕ್ಕೂ ದಡಕ್ಕೂ ನಡುವಿನ ಕಡಲು) ವಾರಾಂತ್ಯದ ಸುತ್ತಾಟ, ಹೆಚ್ಚೆಂದರೆ ವೈಟ್ ದ್ವೀಪ. ಏನೇನು ನೋಡಲಿ?

ಉತ್ತರ: ಮೊದಲು ಕೀಲ್, ಅಂದರೆ ದೋಣಿಯ ತಳದಿಂದ ನೀರಿಗೆ ಇಳಿಬಿದ್ದಿರುವ ಭಾರದ ರೆಕ್ಕೆ. ಅಕ್ಕಪಕ್ಕ ಎರಡಿರುವುದರಿಂದ ಇಳಿತದಲ್ಲಿ ಕೆಸರಿನ ಮೇಲೆ ನೆಟ್ಟಗೆ ಕೂರುತ್ತದೆ, ಮಕ್ಕಳಿದ್ದವರಿಗೆ ಅದೇ ಸುಖ. ಆದರೆ ಕೂತು ಕೂತೇ ಕೀಲಿನ ಬುಡ ಬಿರುಕು ಬಿಡುವುದುಂಟು. ಒಳಗಿನ ಹಲಗೆ ಎತ್ತಿಸಿ, ಟಾರ್ಚ್ ಬಿಟ್ಟು ಕೀಲ್ ಬಿಗಿದ ಬೋಲ್ಟ್ ಸುತ್ತ ತುಕ್ಕಿನ ಕಲೆ ಹುಡುಕಿ. ಅಲ್ಲೇ ಹೊಸ ಪೇಂಟ್ ಹೊಡೆದಿದ್ದರೆ ನನಗಂತೂ ಅನುಮಾನ!

ಇನ್ನೊಬ್ಬರು: ಎದುರುಗಾಳಿಗೆ ಇದು ಆಮೆ, ಗೊತ್ತಿರಲಿ. ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ.

ಪ್ರಶ್ನೆ ಕೇಳಿದವರು: ದೋಣಿ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್ ಬೇಕೇಬೇಕಾ? ಫೀಸು ಕೇಳಿದರೆ ಎದೆ ಝಲ್ಲೆನ್ನುತ್ತೆ.

ಉತ್ತರ: ಬೇಕು. ಇಷ್ಟು ಹಳೇ ದೋಣಿಗೆ ವಿಮೆಯವರೂ ಸಾಮಾನ್ಯವಾಗಿ ವರದಿ ಕೇಳ್ತಾರೆ.