ಮೈನಸ್ 5.5 ಇದೆ, ಲೇಸಿಕ್ ಮಾಡಿಸಬಹುದಾ? ಅಮ್ಮ ಹೆದರುತ್ತಿದ್ದಾರೆ

ಪ್ರಶ್ನೆ (ಮಂಡ್ಯದಿಂದ):
ನಮಸ್ಕಾರ. ನನಗೆ 24 ವರ್ಷ. ದಿನಾ ರೈಲಿನಲ್ಲಿ ಮೈಸೂರಿಗೆ ಕೆಲಸಕ್ಕೆ ಹೋಗಿಬರುತ್ತೇನೆ. ಎರಡೂ ಕಣ್ಣಿಗೆ ಮೈನಸ್ 5.5, ಎರಡು ವರ್ಷದಿಂದ ಬದಲಾಗಿಲ್ಲ. ಮಳೆ ಬಂದರೆ ಕನ್ನಡಕದ ಕಷ್ಟ, ಧೂಳೆದ್ದರೆ ಲೆನ್ಸಿನ ಕಷ್ಟ. ಲೇಸರಿನಿಂದ ಕಣ್ಣಿನ ಪವರ್ ಸರಿಮಾಡುವ ಲೇಸಿಕ್ ಆಪರೇಷನ್ ಮಾಡಿಸೋಣ ಅಂದರೆ ಅಮ್ಮ ಒಪ್ಪುತ್ತಿಲ್ಲ. "ಲೇಸರ್ ಬಿಡುವಾಗ ಕಣ್ಣು ಅಲುಗಾಡಿದರೆ ಏನು ಗತಿ?" ಅನ್ನುತ್ತಾರೆ. ನನಗೂ ಅದೇ ಭಯ. ಮಾಡಿಸಿಕೊಂಡವರು ಹೇಳಿ.

ಉತ್ತರ (ಕುವೆಂಪುನಗರ, ಮೈಸೂರು):
ತಂಗಿ, ನಾನು ಮಾಡಿಸಿಕೊಂಡು ಎರಡು ವರ್ಷ ಆಯಿತು. ನನ್ನದೂ ನಿಮ್ಮಷ್ಟೇ ಪವರ್ ಇತ್ತು. ಅಮ್ಮನಿಗೆ ಹೇಳಿ, ಕಣ್ಣು ಎತ್ತ ಸರಿಯುತ್ತದೆ ಅಂತ ಮೆಷಿನ್ ನೋಡುತ್ತಲೇ ಇರುತ್ತದೆ. ಸ್ವಲ್ಪ ಸರಿದರೆ ಲೇಸರ್ ಕೂಡ ಅತ್ತಲೇ ಸರಿಯುತ್ತದೆ, ಜಾಸ್ತಿ ಸರಿದರೆ ತಾನೇ ನಿಲ್ಲುತ್ತದೆ. ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ ಹಾಕಿರುತ್ತಾರೆ. ಲೇಸರಿನ ಒಂದು ಏಟಿಗೆ ಕಾರ್ನಿಯಾದಿಂದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಿಂದ, ಹೋಗುವುದು ಸುಮಾರು ಕಾಲು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ!

ನನ್ನ ಡಾಕ್ಟರ್ ಚೀಟಿಯಲ್ಲಿ ಬರೆದು ತೋರಿಸಿದ ಲೆಕ್ಕ ಇನ್ನೂ ಇಟ್ಟುಕೊಂಡಿದ್ದೇನೆ. ಕಾರ್ನಿಯಾ 530 ಮೈಕ್ರಾನ್. ಲೇಸರ್ ಬಿಡುವ ಮೊದಲು ಮುಚ್ಚಳದ ಹಾಗೆ ಮೇಲೆತ್ತುವ ಪದರ 110. ಒಂದು ಪವರಿಗೆ 14ರಂತೆ 77 ಹೋಗುತ್ತದೆ. ಉಳಿಯುವುದು 343. "300ಕ್ಕಿಂತ ಕೆಳಗೆ ಇಳಿಯುವ ಹಾಗಿದ್ದರೆ ನಾನು ಕೈ ಹಾಕುತ್ತಿರಲಿಲ್ಲ" ಅಂದರು.

ಆದರೆ ಆರು ತಿಂಗಳು ಕಣ್ಣು ಒಣಗುತ್ತಿತ್ತು, ಡ್ರಾಪ್ಸ್ ಯಾವಾಗಲೂ ಜೇಬಿನಲ್ಲೇ. ಊರಿಗೆ ಹೋದಾಗ ಆಲೆಮನೆ ಹೊಗೆಗೆ ನಿಲ್ಲಲು ಆಗುತ್ತಿರಲಿಲ್ಲ. ರಾತ್ರಿ ಹೆಡ್‌ಲೈಟಿನ ಸುತ್ತ ಬಳೆಯ ಹಾಗೆ ಬೆಳಕು ಕಾಣುತ್ತಿತ್ತು. ಈಗಲೂ ಸ್ವಲ್ಪ ಇದೆ.

ಉತ್ತರ (ಶ್ರೀರಂಗಪಟ್ಟಣ):
ನನಗೆ ಬೇಡ ಅಂದರು. ಮೊದಲು ಹೋದ ಕಡೆ ಹತ್ತೇ ನಿಮಿಷ ನೋಡಿ ಆಪರೇಷನ್ ದಿನ ಗೊತ್ತು ಮಾಡಿದ್ದರು. ಯಾಕೋ ಸಮಾಧಾನ ಆಗಲಿಲ್ಲ. ಇನ್ನೊಂದು ಕಡೆ ಕಾರ್ನಿಯಾದ ಆಕಾರ ತೋರಿಸುವ ಮ್ಯಾಪ್ ತೆಗೆದರು. ಕೆಳಭಾಗ ಉಬ್ಬುತ್ತಿತ್ತು, ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕಾಯಿಲೆ) ಶುರುವಾಗಿತ್ತು. "ಕಣ್ಣು ಉಜ್ಜುವ ಅಭ್ಯಾಸ ಇದೆಯಾ?" ಅಂತ ಕೇಳಿದರು. ಉಜ್ಜಿದರೆ ಇದು ಹೆಚ್ಚುತ್ತದಂತೆ. ನನಗೆ ಚಿಕ್ಕಂದಿನಿಂದ ಅಲರ್ಜಿ, ಉಜ್ಜದ ದಿನವೇ ಇಲ್ಲ. ಇಂಥ ಕಣ್ಣಿಗೆ ಲೇಸಿಕ್ ಮಾಡಿದರೆ ಕಾರ್ನಿಯಾ ಇನ್ನೂ ಸಡಿಲವಾಗಿ ದೃಷ್ಟಿ ಕೆಡುತ್ತದಂತೆ. ನೆನೆಸಿಕೊಂಡರೆ ಇವತ್ತಿಗೂ ಕೈ ನಡುಗುತ್ತದೆ. ದಯವಿಟ್ಟು ಮೆಷಿನ್ ಯಾವುದು, ರೇಟ್ ಎಷ್ಟು ಅಂತ ಕೇಳುವ ಮೊದಲು ಆ ಮ್ಯಾಪ್ ತೋರಿಸಿ ಅನ್ನಿ. ಎರಡು ವಾರ ಮೊದಲೇ ಲೆನ್ಸ್ ಬಿಡಿ. ಇಲ್ಲದಿದ್ದರೆ ಅಳತೆಯೇ ತಪ್ಪು ಬರಬಹುದು.

ಪ್ರಶ್ನೆ ಕೇಳಿದವಳು:
ನಾನೂ ಕಣ್ಣು ಉಜ್ಜುತ್ತೇನೆ ಅಣ್ಣ, ಇದು ಗೊತ್ತೇ ಇರಲಿಲ್ಲ. ಲೆನ್ಸ್ ಈಗಲೇ ತೆಗೆದಿಟ್ಟೆ. ಎರಡು ವಾರ ಬಿಟ್ಟು ಮ್ಯಾಪ್ ಮಾತ್ರ ಮಾಡಿಸುತ್ತೇನೆ. ಅಮ್ಮನೂ ಜೊತೆಗೆ ಬರುತ್ತಾರಂತೆ.